ಕಾಯುವ ಕಲೆ: ಹಳೆಯ ಪ್ರವಾಸಿ ಸ್ಟೌಗಳ ರಸಿಕರಿಗೊಂದು ಕೈಪಿಡಿ

ಕನ್ನಡದಲ್ಲಿ ‘ಕಾಯುವುದು’ ಎಂಬ ಒಂದೇ ಕ್ರಿಯಾಪದ ಮೂರು ಕೆಲಸಗಳನ್ನು ಹೊತ್ತಿದೆ. ಒಲೆಯ ಮೇಲೆ ನೀರು ಕಾಯುತ್ತದೆ. ಅದು ಕಾಯುವ ತನಕ ನಾವು ಕಾಯುತ್ತೇವೆ. ಅಷ್ಟರಲ್ಲಿ ಬೆಕ್ಕು ಹಾಲಿನ ಪಾತ್ರೆಗೆ ಬಾಯಿಡದಂತೆ ಮನೆಯಲ್ಲಿ ಯಾರಾದರೊಬ್ಬರು ಅದನ್ನು ಕಾಯುತ್ತಾರೆ. ಉಷ್ಣ, ನಿರೀಕ್ಷೆ, ರಕ್ಷಣೆ ಎಂಬ ಈ ಮೂರು ಭಾವಗಳನ್ನು ಒಂದು ಶಬ್ದದೊಳಗೆ ಕೂಡಿಸಿಟ್ಟ ನಮ್ಮ ಪೂರ್ವಿಕರು ಹಿತ್ತಾಳೆಯ ಪಂಪ್ ಸ್ಟೌವನ್ನು ಕಂಡವರಲ್ಲ; ಆದರೂ ಆ ಯಂತ್ರದ ಸ್ವಭಾವವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವ ಮಾತು ನನಗೆ ಇನ್ನೂ ದೊರೆತಿಲ್ಲ.

ಹೆಗಲ ಚೀಲದಲ್ಲಿ ಹೊತ್ತು ಸಾಗಬಹುದಾದ ಹಳೆಯ ಕಾಲದ ಸ್ಟೌಗಳನ್ನು, ಎಂದರೆ ಧ್ರುವಯಾತ್ರಿಕರೂ ಪರ್ವತಾರೋಹಿಗಳೂ ಸೈನಿಕರೂ ರಜೆಯ ದಿನಗಳಲ್ಲಿ ಡೇರೆ ಹೂಡುತ್ತಿದ್ದ ಸಾಧಾರಣ ಗೃಹಸ್ಥರೂ ಬಳಸಿ ಬಿಟ್ಟವುಗಳನ್ನು, ಹುಡುಕಿ ತಂದು, ಬಿಚ್ಚಿ ತೊಳೆದು, ಮತ್ತೆ ಉರಿಯುವಂತೆ ಮಾಡಿ ಕೂಡಿಡುವ ಹವ್ಯಾಸವೊಂದು ಲೋಕದಲ್ಲಿ ಉಂಟು. ಅಂಚೆಚೀಟಿಯನ್ನೋ ನಾಣ್ಯವನ್ನೋ ಕೂಡಿಡುವವನನ್ನು ಜನ ಗೌರವದಿಂದ ನೋಡುತ್ತಾರೆ. ಸ್ಟೌ ಕೂಡಿಡುವವನನ್ನು ಕಂಡರೆ ಮನೆಯವರು ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ಈ ಬರೆಹ ಆ ನಗೆಗೆ ಪ್ರತ್ಯುತ್ತರವಲ್ಲ. ಇಂಥದೊಂದು ವಸ್ತುವಿನಲ್ಲಿ ರಸವೆಲ್ಲಿದೆ, ಅದನ್ನು ಯಾವ ಕ್ರಮದಿಂದ ಸವಿಯಬೇಕು ಎಂಬುದನ್ನು ಹೊಸದಾಗಿ ಬರುವವರಿಗೆ ತಿಳಿಸುವ ಪ್ರಯತ್ನ. ಹೇಳಬೇಕಾದ ಮುಖ್ಯ ಮಾತು ಒಂದೇ: ಸ್ಟೌ ನೋಡುವ ವಸ್ತುವಲ್ಲ, ಹೊತ್ತಿಸುವ ವಸ್ತು, ಹೊತ್ತಿಸಲು ಕಲಿಯದೆ ನೂರು ಸ್ಟೌಗಳನ್ನು ಬೀರುವಿನಲ್ಲಿ ಸಾಲಾಗಿ ಇಟ್ಟವನು ಕಂಚುಗಾರನ ಅಂಗಡಿಯನ್ನು ಕಟ್ಟಿದವನೇ ಹೊರತು ರಸಿಕನಲ್ಲ.

ಮೊದಲ ಪಾಠ

ನನಗೆ ಈ ಹುಚ್ಚು ಹಿಡಿಸಿದವರು ನನ್ನ ಸೋದರಮಾವ. ಯಾತ್ರೆಗೆ ಹೊರಟಾಗಲೆಲ್ಲ ಅವರ ಹಾಸಿಗೆಯ ಸುರುಳಿಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅದರೊಳಗೆ ಅರ್ಧ ಪೈಂಟ್ ಎಣ್ಣೆ ಹಿಡಿಯುವ ಪುಟ್ಟ ಹಿತ್ತಾಳೆ ಸ್ಟೌ, ಕಳಚಿ ಮಡಿಸಿಟ್ಟ ಮೂರು ಕಾಲುಗಳು, ಸ್ಪಿರಿಟ್ಟಿನ ಸೀಸೆ, ತಗಡಿನ ಪಟ್ಟಿಗೆ ಕೂದಲಿನಂಥ ತಂತಿ ಸಿಕ್ಕಿಸಿದ ಪಿನ್ನುಗಳ ಪೊಟ್ಟಣ. ಒಮ್ಮೆ ಒಂದು ಛತ್ರದ ಜಗಲಿಯಲ್ಲಿ ಬೆಳಗಿನ ಕಾಫಿಗೆಂದು ಅವರು ಅದನ್ನು ಹೂಡಿ, ಸ್ಪಿರಿಟ್ಟಿಗೆ ಬೆಂಕಿ ಕೊಟ್ಟು, ಕೈಕಾಲು ತೊಳೆಯಲು ಬಾವಿಯ ಕಡೆಗೆ ಹೋದರು. ಹನ್ನೆರಡು ವರ್ಷದ ನನಗೆ ಆ ನೀಲಿ ಜ್ವಾಲೆಯ ನಿಧಾನ ಸಹಿಸಲಾಗಲಿಲ್ಲ. ಪಂಪಿನ ಹಿಡಿಯನ್ನು ಎಳೆದು ಹತ್ತು ಸಾರಿ ಒತ್ತಿದೆ. ಬರ್ನರಿನಿಂದ ಎಣ್ಣೆ ದ್ರವವಾಗಿಯೇ ಚಿಮ್ಮಿತು. ಹಳದಿಯ ಜ್ವಾಲೆ ಆಳೆತ್ತರ ಎದ್ದು ಜಗಲಿಯ ತೊಲೆಗೆ ಮಸಿ ಬಳಿಯಿತು. ಮಾವ ಓಡಿಬಂದವರು ಕೂಗಾಡಲಿಲ್ಲ. ಒದ್ದೆ ಪಂಚೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗಾಳಿಯ ತಿರುಪನ್ನು ಸಡಿಲಿಸಿದರು. ‘ಉಸ್’ ಎಂದು ಗಾಳಿ ಹೊರಬಿದ್ದು ಉರಿ ಕುಗ್ಗಿತು.

“ತಲೆ ಬಿಸಿಯಾಗದೆ ಕೆಲಸಕ್ಕೆ ಬಾರದ ಪ್ರಾಣಿ ಲೋಕದಲ್ಲಿ ಇದೊಂದೇ ಕಣೋ,” ಎಂದರು. “ನಿನ್ನದಲ್ಲ, ಅದರದು ಕಾಯಬೇಕು. ನೀನು ಸುಮ್ಮನೆ ಕಾಯಬೇಕು.”

ಛತ್ರದ ಪಾರುಪತ್ಯೆಗಾರರು ಬಂದು ತೊಲೆಯನ್ನು ತೋರಿಸಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಮಾವ. ಸೀಗೆಪುಡಿ ಹಾಕಿ ತೊಲೆಯನ್ನು ಉಜ್ಜಿದವನು ನಾನು. ಈ ಶಾಸ್ತ್ರದ ಪ್ರಥಮ ಸೂತ್ರ ನನಗೆ ತಿಳಿದದ್ದು ಹೀಗೆ.

ಯಂತ್ರದ ಮರ್ಮ

ಸೀಮೆಎಣ್ಣೆ ದ್ರವವಾಗಿರುವಾಗ ಶುದ್ಧವಾಗಿ ಉರಿಯದು. ಬತ್ತಿಯ ತುದಿಯಲ್ಲಿ ಅದು ಹಳದಿಯಾಗಿ, ಮಸಿ ಕಾರುತ್ತ, ವಾಸನೆ ಬೀರುತ್ತ ಉರಿಯುತ್ತದೆ. ಅದನ್ನು ಕಾಯಿಸಿ ಆವಿಯಾಗಿ ಮಾಡಿ, ಸೂಜಿಮೊನೆಯಷ್ಟು ರಂಧ್ರದಿಂದ ರಭಸವಾಗಿ ಹೊರಡಿಸಿ, ಹೊರಡುವ ರಭಸಕ್ಕೇ ಸುತ್ತಲಿನ ಗಾಳಿಯನ್ನು ಸೆಳೆದು ಬೆರೆಯುವಂತೆ ಮಾಡಿದರೆ, ಅದೇ ಎಣ್ಣೆ ಮಸಿಯಿಲ್ಲದ ನೀಲಿ ಜ್ವಾಲೆಯಾಗುತ್ತದೆ. ಆದರೆ ಆವಿಯಾಗಲು ಶಾಖ ಬೇಕು. ಶಾಖಕ್ಕೆ ಜ್ವಾಲೆ ಬೇಕು. ಜ್ವಾಲೆಗೆ ಆವಿ ಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ಜಿಜ್ಞಾಸೆಯನ್ನು ಈ ಯಂತ್ರ ಒಂದು ಚಮಚದಷ್ಟು ಸ್ಪಿರಿಟ್ಟಿನಿಂದ ಪರಿಹರಿಸುತ್ತದೆ. ಬರ್ನರಿನ ಕೊರಳಿಗೆ ಸುತ್ತಿದ ಸಣ್ಣ ಬಟ್ಟಲಿನಲ್ಲಿ ಸ್ಪಿರಿಟ್ ಉರಿದು ಮೇಲಿನ ಕೊಳವೆಗಳು ಕಾದಮೇಲೆ, ಪಂಪಿನಿಂದ ತೊಟ್ಟಿಯೊಳಗೆ ತುಂಬಿದ ಗಾಳಿ ಎಣ್ಣೆಯನ್ನು ಮೇಲಕ್ಕೆ ಒತ್ತುತ್ತದೆ; ಎಣ್ಣೆ ಕಾದ ಕೊಳವೆಯಲ್ಲಿ ಸುತ್ತಿ ಬರುವಷ್ಟರಲ್ಲಿ ಆವಿಯಾಗಿ, ನಿಪ್ಪಲಿನ ರಂಧ್ರದಿಂದ ಹೊರಟು ಉರಿಯುತ್ತದೆ; ಆ ಉರಿಯೇ ಮುಂದೆ ಬರುವ ಎಣ್ಣೆಯನ್ನು ಕಾಯಿಸುತ್ತದೆ. ಒಮ್ಮೆ ಈ ಚಕ್ರ ತಿರುಗಿತೆಂದರೆ ತೊಟ್ಟಿ ಬರಿದಾಗುವವರೆಗೆ ಹೊರಗಿನ ಸಹಾಯ ಬೇಡ. ಗಾಳಿ ಇಳಿದಾಗ ನಾಲ್ಕು ಸಾರಿ ಪಂಪ್ ಮಾಡಿದರೆ ಸಾಕು.

ಈ ಮರ್ಮವನ್ನು ಮನಸ್ಸಿನಲ್ಲಿ ಚಿತ್ರವಾಗಿ ಕಾಣಲು ಕಲಿತವನಿಗೆ ಸ್ಟೌವಿನ ಪ್ರತಿಯೊಂದು ಭಾಗವೂ ಅರ್ಥಪೂರ್ಣವಾಗುತ್ತದೆ. ಸಾಮಾನ್ಯನಿಗೆ ಹಿತ್ತಾಳೆಯ ಕೊಳವೆಯಾಗಿ ಕಾಣುವುದು ಅವನಿಗೆ ದ್ರವವು ವಾಯುವಾಗುವ ಸ್ಥಳವಾಗಿ ಕಾಣುತ್ತದೆ. ಮೇಲಿನ ಬಿಲ್ಲೆ ಜ್ವಾಲೆಯನ್ನು ಪಾತ್ರೆಯ ತಳದುದ್ದಕ್ಕೂ ಹರಡುವ ಉಪಾಯವಾಗಿ ಕಾಣುತ್ತದೆ. ಸಂಗೀತದಲ್ಲಿ ರಾಗದ ಆರೋಹಣಾವರೋಹಣಗಳನ್ನು ಅರಿತವನ ಕಿವಿಗೂ ಅರಿಯದವನ ಕಿವಿಗೂ ಎಷ್ಟು ಅಂತರವೋ ಇಲ್ಲಿಯೂ ಅಷ್ಟೇ.

ವಂಶಾವಳಿ

ಈ ಕುಲದ ಮೂಲಸ್ಥಾನ ಸ್ವೀಡನ್. ಅಲ್ಲಿನ ಕಾರ್ಲ್ ರಿಚರ್ಡ್ ನೈಬರ್ಗ್ ಎಂಬ ಕುಶಲಿ 1882ರಲ್ಲಿ ಲೋಹಗೆಲಸದವರಿಗಾಗಿ ಊದುದೀಪವೊಂದನ್ನು ನಿರ್ಮಿಸಿದ. ಹತ್ತು ವರ್ಷಗಳ ತರುವಾಯ, 1892ರಲ್ಲಿ, ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅದೇ ತತ್ತ್ವವನ್ನು ಅಡುಗೆಗೆ ಒಗ್ಗಿಸಿ, ಮಸಿಯಿಲ್ಲದೆ ಉರಿಯುವ ಸೀಮೆಎಣ್ಣೆ ಸ್ಟೌವನ್ನು ಲೋಕಕ್ಕೆ ಕೊಟ್ಟ. ಅದಕ್ಕೆ ಇಟ್ಟ ಹೆಸರು ಪ್ರೈಮಸ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಪ್ರಥಮ. 1899ರಲ್ಲಿ ಹುಟ್ಟಿದ ಸ್ಪರ್ಧಿಯೊಂದು ತನ್ನನ್ನು ಆಪ್ಟಿಮಸ್, ಎಂದರೆ ಉತ್ತಮೋತ್ತಮ, ಎಂದು ಕರೆದುಕೊಂಡಿತು. ಒಬ್ಬನು ‘ನಾನು ಮೊದಲಿಗ’ ಎಂದಮೇಲೆ ಹಿಂದೆ ಬಂದವನು ‘ಇರಬಹುದು, ಮೇಲಾದವನು ನಾನು’ ಎನ್ನದೆ ಬಿಟ್ಟಾನೆಯೇ? ನೈಬರ್ಗನ ಮನೆತನದ ಸ್ಟೌಗಳಿಗೆ ಸ್ವಿಯಾ ಎಂಬ ಹೆಸರು ಬಂತು. ಅದು ಸ್ವೀಡನ್ನಿನ ಜನ ತಮ್ಮ ನಾಡನ್ನು ತಾಯಿಯಾಗಿ ಭಾವಿಸಿ ಕರೆಯುವ ಹೆಸರು. ಆಸ್ಟ್ರಿಯಾದವರು ಸೂರ್ಯದೇವನ ನಾಮದಿಂದ ತಮ್ಮದನ್ನು ಫೀಬಸ್ ಎಂದರು. ಫೀಬಸ್ 625ನ್ನು ಅನುಸರಿಸಿ ಸೋವಿಯತ್ ಒಕ್ಕೂಟದವರು ಮಾಡಿದ್ದಕ್ಕೆ ದೇವತೆಯ ಹಂಗೇ ಬೇಡವಾಗಿ, ಅದು ಮಾಡುವ ಸದ್ದನ್ನು ಕೇಳಿ ಷ್ಮೇಲ್, ದುಂಬಿ, ಎಂದು ಕರೆದರು. ಎಲ್ಲ ಹೆಸರುಗಳಲ್ಲಿ ನನಗೆ ಇದೇ ಪ್ರಿಯವಾದದ್ದು. ರಷ್ಯನ್ನರಲ್ಲಿ ‘ಪ್ರಿಮುಸ್’ ಎಂಬುದು ಆ ಜಾತಿಯ ಸ್ಟೌಗೆಲ್ಲ ರೂಢಿಯ ಹೆಸರಾಗಿಬಿಟ್ಟಿತ್ತು. ಬುಲ್ಗಾಕೋವನ ‘ದಿ ಮಾಸ್ಟರ್ ಅಂಡ್ ಮಾರ್ಗರೀಟಾ’ ಕಾದಂಬರಿಯ ಮಾತನಾಡುವ ಬೆಕ್ಕು ತಬ್ಬಿಕೊಂಡು ಕೂರುವುದೂ ಅಂಥದೊಂದನ್ನೇ.

ಈ ಸ್ಟೌಗಳು ಪ್ರವಾಸಿಗಳಾದದ್ದು ಹಿಮದ ನಾಡಿನಲ್ಲಿ. 1893ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ನಾರ್ವೆಯ ನಾನ್ಸೆನ್ ಹೊಸದಾಗಿ ಬಂದಿದ್ದ ಪ್ರೈಮಸನ್ನು ಒಯ್ದು, ಅದರ ಸುತ್ತ ಒಂದು ಪಾತ್ರೆಯ ವ್ಯೂಹವನ್ನೇ ರಚಿಸಿದ್ದ: ನಡುವೆ ಅಡುಗೆಯ ಪಾತ್ರೆ, ಅದರ ಸುತ್ತ ಬಳೆಯಾಕಾರದ ಇನ್ನೊಂದು, ಮೇಲೆ ಮತ್ತೊಂದು, ಅಡುಗೆ ಬೇಯಿಸಿ ತಪ್ಪಿಸಿಕೊಳ್ಳುವ ಶಾಖ ದಾರಿಯಲ್ಲಿ ಹಿಮವನ್ನು ಕರಗಿಸಿ ನೀರು ಮಾಡಿಯೇ ಹೊರಗೆ ಹೋಗಬೇಕು. 1897ರಲ್ಲಿ ಬೆಲೂನಿನಲ್ಲಿ ಧ್ರುವಕ್ಕೆ ಹೊರಟು ಮರಳದೆಹೋದ ಸ್ವೀಡನ್ನಿನ ಆಂಡ್ರೇ ಮತ್ತವನ ಇಬ್ಬರು ಸಂಗಾತಿಗಳ ಕೊನೆಯ ಬೀಡು 1930ರಲ್ಲಿ ಕ್ವೀಟೋಯಾ ದ್ವೀಪದ ಹಿಮದಲ್ಲಿ ಪತ್ತೆಯಾದಾಗ ಅಲ್ಲಿಯೂ ಒಂದು ಪ್ರೈಮಸ್ ಇತ್ತು. ಅದರ ತೊಟ್ಟಿಯಲ್ಲಿ ಎಣ್ಣೆ ಇನ್ನೂ ಉಳಿದಿತ್ತು. ಉರಿಯಬೇಕಾದದ್ದು ಸಿದ್ಧವಾಗಿ ಕುಳಿತಿದೆ, ಉರಿಸುವ ಕೈಗಳಿಲ್ಲ. ಇದಕ್ಕಿಂತ ಕರುಣವಾದ ಚಿತ್ರ ಈ ಇತಿಹಾಸದಲ್ಲಿಲ್ಲ.

ದಕ್ಷಿಣ ಧ್ರುವದ ಕಥೆಯಲ್ಲಿ ಸ್ಟೌಗಿಂತ ಎಣ್ಣೆಯ ಡಬ್ಬಿಯೇ ಪಾಠ ಹೇಳುತ್ತದೆ. 1911ರ ಡಿಸೆಂಬರ್ 14ರಂದು ಧ್ರುವ ಮುಟ್ಟಿದ ಅಮುಂಡ್ಸೆನ್ ತನ್ನ ಎಣ್ಣೆ ಡಬ್ಬಿಗಳ ಬಾಯನ್ನು ಬೆಸುಗೆ ಹಾಕಿಸಿ ಮುಚ್ಚಿಸಿದ್ದ. ಆತನ ಹಿಂದೆಯೇ ಹೋದ ಸ್ಕಾಟನ ಡಬ್ಬಿಗಳ ಮುಚ್ಚಳಗಳಿಗೆ ಚರ್ಮದ ವಾಷರುಗಳಿದ್ದವು. ಚಳಿಗೆ ಅವು ಕೆಟ್ಟು ಎಣ್ಣೆ ಸೋರಿ ಆವಿಯಾಗಿಹೋಗಿ, ಮರಳುವ ದಾರಿಯಲ್ಲಿ ಹೂತಿಟ್ಟಿದ್ದ ದಾಸ್ತಾನುಗಳು ಒಂದೊಂದಾಗಿ ಕಡಮೆಯಾಗಿ ದೊರೆತವು. ಅಲ್ಲಿ ಎಣ್ಣೆ ಇಲ್ಲವೆಂದರೆ ಬಿಸಿ ಊಟ ಮಾತ್ರವಲ್ಲ, ಹಿಮದ ನಡುವೆ ಕುಡಿಯುವ ನೀರೂ ಇಲ್ಲ. ಸ್ಕಾಟನ ಪಂಗಡ ಅಳಿದುದಕ್ಕೆ ಕಾರಣಗಳು ಹಲವು. ಆದರೆ ಎರಡು ಬೆರಳ ಅಗಲದ ಚರ್ಮದ ತುಂಡೊಂದು ಆ ಕಾರಣಗಳ ಸಾಲಿನಲ್ಲಿ ನಿಂತಿದೆ ಎಂಬುದನ್ನು ಸ್ಟೌ ಸಂಗ್ರಾಹಕನು ಪ್ರತಿ ಸಾರಿ ವಾಷರಿಗೆ ಎಣ್ಣೆ ಸವರುವಾಗಲೂ ನೆನೆಯತಕ್ಕದ್ದು.

ಎವರೆಸ್ಟಿನ ಕಥೆ ಮಂಗಳಕರವಾದದ್ದು. 1953ರ ಮೇ 29ರ ಬೆಳಗಿನ ಜಾವ, ಕಟ್ಟಕಡೆಯ ಡೇರೆಯಲ್ಲಿ ಹಿಲರಿ ಎದ್ದು ನೋಡಿದಾಗ ಅವನ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ತೇನ್‌ಸಿಂಗ್ ಸ್ಟೌ ಹೊತ್ತಿಸಿ ಹಿಮ ಕರಗಿಸಿದ. ಅದೇ ಉರಿಯ ಮೇಲೆ ಬೂಟುಗಳನ್ನು ಸುಮಾರು ಎರಡು ಗಂಟೆಯ ಕಾಲ ಕಾಯಿಸಿ ಮೆತ್ತಗೆ ಮಾಡಿಕೊಂಡಮೇಲೆಯೇ ಇಬ್ಬರೂ ಹೊರಟರು. ಜಗತ್ತಿನ ನೆತ್ತಿಗೆ ಕೊನೆಯ ಹೆಜ್ಜೆಗಳನ್ನಿಟ್ಟ ಪಾದಗಳು ಆ ಬೆಳಗ್ಗೆ ಒಂದು ಸ್ಟೌವಿಗೆ ಋಣಿಯಾಗಿದ್ದವು.

ಯುದ್ಧದ ಕಾಲದ ಮಾದರಿಗಳಲ್ಲಿ ಹೆಸರಾದದ್ದು ಅಮೆರಿಕದ ಕೋಲ್ಮನ್ 520. 1942ರಲ್ಲಿ ಅಲ್ಲಿನ ಸೈನ್ಯ ಕೇಳಿದ್ದು ಬಿಸಿಲಿಗೂ ಕೊರೆಯುವ ಚಳಿಗೂ ಜಗ್ಗದ, ಸೈನಿಕನ ಚೀಲದಲ್ಲಿ ಹಿಡಿಸುವ ಸ್ಟೌ. ದೊರೆತದ್ದು ಕಾಲು ಮಡಿಸಿ ನಿಲ್ಲುವ, ತನ್ನ ಕೊಳವೆಯಾಕಾರದ ಕವಚವೇ ಎರಡು ಪಾತ್ರೆಗಳಾಗುವ ಚತುರ ರಚನೆ. ಯುದ್ಧವರದಿಗಾರ ಅರ್ನಿ ಪೈಲ್ ಹೋರಾಟಕ್ಕೆ ಸೇರದ ಸಲಕರಣೆಗಳಲ್ಲಿ ಇದನ್ನು ಜೀಪಿನ ಪಕ್ಕದಲ್ಲಿ ನಿಲ್ಲಿಸಿ ಹೊಗಳಿದ. ಜರ್ಮನಿಯವರ ಎಸ್ಬಿಟ್ ಎಂಬ ಮಡಿಚುವ ತಗಡಿನ ಒಲೆ 1936ರದು. ಅದರಲ್ಲಿ ಎಣ್ಣೆಯೇ ಇಲ್ಲ, ಕರ್ಪೂರದ ಬಿಲ್ಲೆಯಂತೆ ಕಾಣುವ ಇಂಧನದ ಗುಳಿಗೆ. ಸ್ವೀಡನ್ನಿನ ಟ್ರಾಂಜಿಯಾದವರು 1951ರಲ್ಲಿ ತಂದದ್ದು ಸ್ಪಿರಿಟ್ಟಿನ ಒಲೆ, ಗಾಳಿತಡೆ, ಪಾತ್ರೆಗಳೆಲ್ಲ ಒಂದರೊಳಗೊಂದು ಸೇರುವ ಕುಟುಂಬ. ಇವೆರಡನ್ನೂ ಸಂಗ್ರಹದಲ್ಲಿ ಇಡಬಹುದು. ಆದರೆ ಇವುಗಳಲ್ಲಿ ಕಾಯಿಸುವ ವಿಧಿಯಿಲ್ಲ, ಗರ್ಜನೆಯಿಲ್ಲ. ಆದಕಾರಣ ಇವನ್ನು ಬಂಧುಗಳೆಂದು ಮನ್ನಿಸಿ ಮುಂದೆ ಸಾಗೋಣ.

ಕಾಲಕ್ರಮದಲ್ಲಿ ಸೀಮೆಎಣ್ಣೆಯ ಪಕ್ಕದಲ್ಲಿ ಪೆಟ್ರೋಲಿನ ಪುಟ್ಟ ಸ್ಟೌಗಳು ಬಂದವು. ಅವುಗಳ ಶಿಖರ 1955ರ ಸ್ವಿಯಾ 123. ಮುಷ್ಟಿಗಿಂತ ತುಸು ದೊಡ್ಡದು, ತೂಕ ಅರ್ಧ ಕೆ.ಜಿ.ಯ ಆಸುಪಾಸು, ಪಂಪೇ ಇಲ್ಲ. ತೊಟ್ಟಿ ತನ್ನ ಉರಿಯ ಶಾಖದಿಂದಲೇ ತಾನು ಬೇಕಾದಷ್ಟು ಒತ್ತಡವನ್ನು ಹುಟ್ಟಿಸಿಕೊಳ್ಳುತ್ತದೆ. 1962ರಲ್ಲಿ ಪ್ರೈಮಸಿನ ಸೀಮೆಎಣ್ಣೆ ಸ್ಟೌಗಳ ಉದ್ಯಮ ಆಪ್ಟಿಮಸಿನ ಕೈಸೇರಿತು. ‘ಪ್ರಥಮ’ನನ್ನು ‘ಉತ್ತಮೋತ್ತಮ’ ಗೆದ್ದುಕೊಂಡ ಹಾಗಾಯಿತು. ಆದರೆ ಅಷ್ಟರಲ್ಲಿ ಗ್ಯಾಸಿನ ಡಬ್ಬಿಗಳು ಬಂದಿದ್ದವು. 1973ರಲ್ಲಿ ಅಮೆರಿಕದ ಲ್ಯಾರಿ ಪೆನ್‌ಬರ್ತಿ ಇಂಧನದ ಸೀಸೆಯನ್ನು ಬರ್ನರಿನಿಂದ ದೂರವಿಟ್ಟು ಕೊಳವೆಯಿಂದ ಜೋಡಿಸಿದ ಹೊಸ ಜಾತಿಯನ್ನು ತಂದ. ತೊಟ್ಟಿಯೂ ಬರ್ನರೂ ಒಂದೇ ದೇಹವಾಗಿದ್ದ ಹಿತ್ತಾಳೆಯ ಯುಗ ಅಲ್ಲಿಗೆ ಇಳಿಮುಖವಾಯಿತು. ಸಂಗ್ರಾಹಕನ ಕ್ಷೇತ್ರ ಸ್ಥೂಲವಾಗಿ ಈ ಎಂಬತ್ತು ವರ್ಷಗಳದು.

ಕಿವಿಗೆ ಶಿಕ್ಷಣ

ಬರ್ನರುಗಳಲ್ಲಿ ಎರಡು ಜಾತಿ: ಗರ್ಜಿಸುವುದು, ಮೌನವಾಗಿರುವುದು. ಮೊದಲನೆಯದರಲ್ಲಿ ಆವಿ ನೇರವಾಗಿ ಮೇಲೇರಿ ಒಂದು ಬಿಲ್ಲೆಗೆ ಬಡಿದು ಹೂವಿನ ದಳದಂತೆ ಸುತ್ತ ಹರಡುತ್ತದೆ. ಆ ಬಡಿತದ್ದೇ ‘ಭೋರ್’ ಎಂಬ ಸದ್ದು. ಎರಡನೆಯದರಲ್ಲಿ ರಂಧ್ರಗಳಿರುವ ಟೋಪಿಗಳೊಳಗಿಂದ ಆವಿ ಸಣ್ಣ ಸಣ್ಣ ಜ್ವಾಲೆಗಳಾಗಿ ಹೊರಡುತ್ತದೆ. ಕೇಳುವುದು ರೇಷ್ಮೆ ಸೀರೆ ಸರಿದಂಥ ಸುಯ್ಯಾಟವಷ್ಟೆ. ಹೊಸಬರು ಮೌನದ್ದನ್ನು ಮೆಚ್ಚುವುದು ಸಹಜ. ಆದರೆ ಗಾಳಿಗೆ ತಡೆದು ನಿಲ್ಲುವುದು ಗರ್ಜಿಸುವುದೇ ಹೆಚ್ಚು. ಬಿಡಿಭಾಗ ಕಡಮೆಯಾದುದರಿಂದ ಕೆಡುವುದೂ ಕಡಮೆ. ಅಷ್ಟೇ ಅಲ್ಲದೆ, ಗರ್ಜಿಸುವ ಸ್ಟೌ ತನ್ನ ಆರೋಗ್ಯವನ್ನು ತಾನೇ ಹೇಳಿಕೊಳ್ಳುತ್ತದೆ. ಸದ್ದು ಏಕಶ್ರುತಿಯಾಗಿದ್ದರೆ ಎಲ್ಲವೂ ಕ್ಷೇಮ. ಮಿಡಿದು ಮಿಡಿದು ಉಬ್ಬಸಪಟ್ಟರೆ ಬರ್ನರ್ ಸಾಕಷ್ಟು ಕಾದಿಲ್ಲ, ಇಲ್ಲವೆ ನಿಪ್ಪಲಿನಲ್ಲಿ ಕಸ ಕಟ್ಟಿದೆ. ಸದ್ದು ಕುಗ್ಗಿ ಜ್ವಾಲೆಯ ತುದಿ ಹಳದಿಯಾದರೆ ಗಾಳಿ ಇಳಿದಿದೆ. ನಮ್ಮ ಅಡುಗೆಮನೆಗಳಲ್ಲಿ ಪಂಪ್ ಸ್ಟೌ ಆಳುತ್ತಿದ್ದ ಕಾಲದಲ್ಲಿ, ಪ್ರಭಾತ್ ಸ್ಟೌವಿನ ಮುಂದೆ ಕೂತು ಹುಳಿ ಕುದಿಸುತ್ತಿದ್ದ ಹೆಂಗಸರು ನಡುಮನೆಯ ಮಾತಿಗೆ ಓಗೊಡುತ್ತಲೇ, ಕಣ್ಣೆತ್ತದೆ, ಸದ್ದಿನಿಂದಲೇ ತಿಳಿದು ಕೈನೀಡಿ ಎರಡು ಸಾರಿ ಪಂಪ್ ಮಾಡುತ್ತಿದ್ದುದನ್ನು ಕಂಡವರು ಈಗಲೂ ಇದ್ದಾರೆ. ಈ ಶಾಸ್ತ್ರದಲ್ಲಿ ಅವರು ಪ್ರಮಾಣಪುರುಷರಲ್ಲ, ಪ್ರಮಾಣಸ್ತ್ರೀಯರು.

ಕೊಳ್ಳುವಾಗಿನ ವಿವೇಕ

ಸ್ಟೌ ಕೈಗೆ ಬಂದೊಡನೆ ಮೊದಲು ತಲೆಯನ್ನಲ್ಲ, ಮೈಯನ್ನು ಓದಬೇಕು. ತೊಟ್ಟಿಯ ಮೇಲೆ ಉಬ್ಬಿಸಿದ ಅಕ್ಷರಗಳಲ್ಲಿ ತಯಾರಕರ ಹೆಸರು, ಊರು, ಮಾದರಿಯ ಸಂಖ್ಯೆಗಳಿರುತ್ತವೆ. ಪ್ರೈಮಸಿನವರು 1911ರಿಂದ ವರ್ಷವನ್ನು ಸೂಚಿಸುವ ಅಕ್ಷರವನ್ನು ಒತ್ತುತ್ತಿದ್ದರು. ಆ ಒಂದು ಅಕ್ಷರದಿಂದ ಸ್ಟೌವಿನ ಜಾತಕವೇ ತೆರೆಯುತ್ತದೆ. ತರುವಾಯ ತೊಟ್ಟಿಯನ್ನು ಕಿವಿಯ ಬಳಿ ಅಲುಗಿಸಿ: ಒಳಗೆ ಪುಡಿಯ ಸದ್ದು ಬಂದರೆ ಮಡ್ಡಿ ಒಣಗಿ ಕೂತಿದೆ, ತೊಳೆದರೆ ಹೋಗುತ್ತದೆ. ಹಸುರು ಕಿಲುಬಿಗೆ ಅಂಜಬೇಕಾಗಿಲ್ಲ. ಅಲ್ಲಲ್ಲಿ ಹಿತ್ತಾಳೆ ತನ್ನ ಹಳದಿಯನ್ನು ಕಳೆದುಕೊಂಡು ತಾಮ್ರದಂತೆ ಕೆಂಪಾಗಿದ್ದರೆ ಅಂಜತಕ್ಕದ್ದು. ಅಲ್ಲಿ ಸತುವು ಕರಗಿಹೋಗಿ ಲೋಹ ಟೊಳ್ಳಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಅಂಚಿನ ಸುತ್ತ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು.

ಈ ಬಿರುಕಿನ ಕಥೆಗೆ ನಮ್ಮ ದೇಶದ ನಂಟುಂಟು. ಬ್ರಿಟಿಷರ ಸೈನ್ಯ ಭಾರತದಲ್ಲಿ ಮಳೆಗಾಲ ಮುಗಿಯುವವರೆಗೆ ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಹೊರತೆಗೆದಾಗ ಹಿತ್ತಾಳೆಯ ಕೊಳವಿಗಳು ತಮ್ಮಷ್ಟಕ್ಕೆ ಸೀಳಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕೆಂದು ಇದಕ್ಕೆ ಹೆಸರೂ ಬಂತು. ಲಾಯದ ಮೂತ್ರದಿಂದೇಳುವ ಅಮೋನಿಯ, ಲೋಹವನ್ನು ಒತ್ತಿ ರೂಪಿಸುವಾಗ ಅದರಲ್ಲಿ ಉಳಿದುಕೊಂಡ ಬಿಗುಪಿನೊಡನೆ ಸೇರಿ ಹಿತ್ತಾಳೆಯನ್ನು ಸೀಳುತ್ತದೆ ಎಂಬ ವಿವರಣೆ ದೊರೆತದ್ದು 1921ರಲ್ಲಿ. ಸ್ಟೌವಿನ ತೊಟ್ಟಿಯೂ ಒತ್ತಿ ರೂಪಿಸಿದ ಹಿತ್ತಾಳೆಯೇ. ಆದುದರಿಂದ ಅಮೋನಿಯ ಬೆರೆತ ಪಾಲಿಷುಗಳನ್ನು ದೂರವಿಡಿ. ಕೊಟ್ಟಿಗೆಯ ಅಟ್ಟದಲ್ಲಿ ದಶಕಗಳನ್ನು ಕಳೆದ ಸ್ಟೌವನ್ನು ಎರಡು ಸಾರಿ ಪರೀಕ್ಷಿಸಿ. ಬಿರುಕುಬಿಟ್ಟ ತೊಟ್ಟಿ ಎಷ್ಟೇ ಅಪೂರ್ವವಾಗಿರಲಿ, ಅದು ನೋಡುವುದಕ್ಕೆ ಮಾತ್ರ, ಒತ್ತಡಕ್ಕೆ ಒಡ್ಡಕೂಡದು.

ಬೆಳಗುವ ವಿಷಯದಲ್ಲಿ ರಸಿಕರಲ್ಲಿ ಎರಡು ಪಂಥ. ಕೆಲವರು ಹುಣಸೆಹಣ್ಣಿನಿಂದ ಉಜ್ಜಿ ಮದುವೆಮನೆಯ ಕೊಪ್ಪರಿಗೆಯಂತೆ ಥಳಥಳಿಸುವಂತೆ ಮಾಡುತ್ತಾರೆ. ಇನ್ನು ಕೆಲವರು ಕಾಲವು ಸವರಿದ ಕಂದುಬಣ್ಣವನ್ನು ಮುಟ್ಟುವುದು ಶಾಸನದ ಅಕ್ಷರ ಉಜ್ಜಿದಂತೆ ಎನ್ನುತ್ತಾರೆ. ನಾನು ನಡುವಿನವನು: ಎಣ್ಣೆಯ ಜಿಡ್ಡನ್ನೂ ಮಸಿಯನ್ನೂ ತೆಗೆಯುತ್ತೇನೆ, ಬಣ್ಣವನ್ನು ಬಿಡುತ್ತೇನೆ. ಮಾರಾಟದ ಚೀಟಿಯ ಗುರುತು, ತಗಡಿನ ಡಬ್ಬಿ, ಡಬ್ಬಿಯೊಳಗಿನ ಸಣ್ಣ ಕೀಲಿ, ಸುತ್ತಿದ ಹಳೆಯ ಕಾಗದ ಇವು ಯಾವುದನ್ನೂ ಎಸೆಯಬೇಡಿ. ಗುಜರಿ ಅಂಗಡಿಯವನು ಸ್ಟೌವನ್ನು ಹಿತ್ತಾಳೆಯ ತೂಕಕ್ಕೆ ಕೊಡುತ್ತಾನೆ; ಡಬ್ಬಿಯನ್ನು ಬೆಲೆಯಿಲ್ಲದ್ದೆಂದು ಬಿಸಾಡಿರುತ್ತಾನೆ. ಡಬ್ಬಿ ಎಲ್ಲಿ ಎಂದು ಕೇಳುವವನೇ ನಿಜವಾದ ಗಿರಾಕಿ. ಕೆಲವು ಹಳೆಯ ಮಾದರಿಗಳಲ್ಲಿ ಸ್ಪಿರಿಟ್ ಹೀರುವ ಬಿಳಿಯ ಮೆತ್ತೆ ಕಲ್ನಾರಿನದಾಗಿರುತ್ತದೆ. ಅದನ್ನು ಕೆರೆಯದೆ, ಒದ್ದೆ ಮಾಡಿ, ತಿಳಿದವರ ಮುಖಾಂತರ ತೆಗೆಸಿ.

ಹೊತ್ತಿಸುವ ವಿಧಿ

ಮೊದಲು ಪಂಪನ್ನು ಹೊರಗೆಳೆದು ಚರ್ಮದ ವಾಷರನ್ನು ನೋಡಿ. ಒಣಗಿ ಮುದುಡಿದ್ದರೆ ಎರಡು ಹನಿ ಎಣ್ಣೆ ಸವರಿ ಬೆರಳಿಂದ ಅರಳಿಸಿ. ಮಗ್ಗಲು ಬದಲಿಸಿದ ಮುದುಕನಂತೆ ಅದು ಚೇತರಿಸಿಕೊಳ್ಳುವುದನ್ನು ನೋಡುವುದೇ ಒಂದು ಸುಖ. ಪಂಪಿನ ತಳದ ಕವಾಟ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿದ್ದರೆ ಹಿಡಿ ತಾನಾಗಿ ಮೇಲೇಳುತ್ತದೆ. ಅಂಥದನ್ನು ಸರಿಪಡಿಸದೆ ಹೊತ್ತಿಸಕೂಡದು. ತೊಟ್ಟಿಯ ಮುಕ್ಕಾಲು ಪಾಲು ಮಾತ್ರ ಶೋಧಿಸಿದ ಎಣ್ಣೆ ತುಂಬಿ. ಮೇಲಿನ ಕಾಲು ಪಾಲು ಗಾಳಿಯ ಮನೆ. ಬಯಲಿನಲ್ಲಿ, ಸಮನಾದ ನೆಲದ ಮೇಲೆ ಇಡಿ. ಮುಚ್ಚಿದ ಡೇರೆಯಲ್ಲಿ ಬೇಡ. ಅಲ್ಲಿ ಕಣ್ಣಿಗೆ ಕಾಣದ ವಿಷಾನಿಲ ಸೇರುತ್ತದೆ.

ಗಾಳಿಯ ತಿರುಪನ್ನು ಸಡಿಲವಾಗಿ ಬಿಟ್ಟು, ಬಟ್ಟಲಿಗೆ ಸ್ಪಿರಿಟ್ ಹೊಯ್ದು ಹೊತ್ತಿಸಿ. ಈಗಲೇ ಕಾಯಬೇಕಾದದ್ದು. ಎರಡು ಮೂರು ನಿಮಿಷ ಹಿಡಿಯುತ್ತದೆ. ಹಗಲಿನಲ್ಲಿ ಆ ಜ್ವಾಲೆ ಕಾಣಿಸುವುದೂ ಇಲ್ಲ, ಬರ್ನರಿನ ಮೇಲೆ ಗಾಳಿ ನಡುಗುವುದಷ್ಟೇ ಕಾಣುತ್ತದೆ. ಕಾಫಿಪುಡಿಯ ಡಬ್ಬಿ ಹುಡುಕಲು ಎದ್ದು ಹೋಗಬೇಡಿ. ಸ್ಪಿರಿಟ್ ಇನ್ನೇನು ಮುಗಿಯಬೇಕು, ಕೊನೆಯ ನೀಲಿ ನಾಲಗೆ ಬಟ್ಟಲಿನ ಅಂಚಿನಲ್ಲಿ ತೂಕಡಿಸುತ್ತಿದೆ ಎನ್ನುವಾಗ ತಿರುಪನ್ನು ಬಿಗಿದು ಮೆಲ್ಲಗೆ ಒಂದು, ಎರಡು, ಮೂರು ಸಾರಿ ಪಂಪ್ ಮಾಡಿ. ಹಿತ್ತಾಳೆಯೊಳಗೆ ಒಂದು ಸಣ್ಣ ಮಿಸುಕಾಟ. ‘ಪುಸ್’ ಎಂದು ಉಸಿರು. ಆಮೇಲೆ ಬಿಲ್ಲೆಯ ಸುತ್ತ ನೀಲಿ ಕಮಲ. ಹಳದಿ ಕಂಡರೆ ಕೂಡಲೇ ತಿರುಪು ಸಡಿಲಿಸಿ, ಪೂರ್ತಿ ಆರಿದಮೇಲೆ ಮೊದಲಿಂದ ಆರಂಭಿಸಿ. ಉರಿಯುತ್ತಿರುವ ಸ್ಟೌಗೆ, ಬಿಸಿಯಾರದ ಸ್ಟೌಗೆ ಎಣ್ಣೆ ತುಂಬುವ ಮಾತು ಎಂದೆಂದಿಗೂ ಇಲ್ಲ.

ಸ್ವಿಯಾ 123ರ ವಿಧಿ ಬೇರೆ, ಇನ್ನೂ ಸೊಗಸು. ಅದರ ತೊಟ್ಟಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಕೀಲಿಯಿಂದ ಕವಾಟವನ್ನು ತುಸು ತೆರೆದು ಕುಳಿತಿರಬೇಕು. ಮೈಯ ಬಿಸುಪಿಗೇ ಒಳಗಿನ ಪೆಟ್ರೋಲ್ ಹಿಗ್ಗಿ ನಿಪ್ಪಲಿನಿಂದ ಹನಿಹನಿಯಾಗಿ ಇಳಿದು ತೊಟ್ಟಿಯ ನೆತ್ತಿಯ ಕುಳಿಯಲ್ಲಿ ನಿಲ್ಲುತ್ತದೆ. ಕವಾಟ ಮುಚ್ಚಿ ಆ ಹನಿಗಳಿಗೆ ಬೆಂಕಿ ಕೊಟ್ಟರೆ ಅದರ ತಲೆ ಕಾಯುತ್ತದೆ. ಬೆಂಕಿಯ ಮೊದಲ ಕಿಡಿಗೂ ಮುನ್ನ ಮನುಷ್ಯ ತನ್ನ ಶರೀರದ ಶಾಖವನ್ನೇ ಯಂತ್ರಕ್ಕೆ ಸಾಲ ಕೊಡುವ ಇಂಥ ವಿಧಿ ನನಗೆ ತಿಳಿದ ಬೇರೆ ಯಾವ ಯಂತ್ರದಲ್ಲೂ ಇಲ್ಲ. ಸೀಸೆಯಲ್ಲಿ ಬರುವ ಶುದ್ಧ ಇಂಧನವನ್ನೇ ಬಳಸಿ. ಮೋಟಾರಿನ ಪೆಟ್ರೋಲ್ ಅದರ ಗಂಟಲಿಗೆ ಒಳ್ಳೆಯದಲ್ಲ. ಮುಚ್ಚಳದಲ್ಲಿರುವ ರಕ್ಷಣೆಯ ಕವಾಟ ಹಳತಾಗಿದ್ದರೆ ಬದಲಾಯಿಸದೆ ಹೊತ್ತಿಸಬೇಡಿ.

ಆರಂಭಿಸುವವನಿಗೆ ನನ್ನ ಸಲಹೆ: ಪೆಟ್ರೋಲಿಗಿಂತ ಸೀಮೆಎಣ್ಣೆ, ಮೌನಕ್ಕಿಂತ ಗರ್ಜನೆ, ಹತ್ತಕ್ಕಿಂತ ಒಂದು. ಸಾಧಾರಣವಾದ ಒಂದು ಸ್ಟೌವನ್ನು ಕೊಂಡು, ಒಂದು ವರ್ಷ ಅದರಲ್ಲಿ ಭಾನುವಾರದ ಕಾಫಿ ಮಾಡಿ. ಎರಡನೆಯದನ್ನು ಕೊಳ್ಳುವಾಗ ಏನನ್ನು ನೋಡಬೇಕೆಂಬುದನ್ನು ಮೊದಲನೆಯದೇ ಹೇಳಿಕೊಡುತ್ತದೆ.

ಆರಿಸುವುದು

ಕೊನೆಗೆ ಆರಿಸುವುದೂ ವಿಧಿಯ ಭಾಗವೇ. ಗಾಳಿಯ ತಿರುಪನ್ನು ಸಡಿಲಿಸಿದೊಡನೆ 'ಉಸ್' ಎಂಬ ದೀರ್ಘ ನಿಟ್ಟುಸಿರಿನೊಡನೆ ಗರ್ಜನೆ ನಿಲ್ಲುತ್ತದೆ. ಅಲ್ಲಿಯವರೆಗೆ ಅದರ ಸದ್ದಿನ ಮರೆಯಲ್ಲಿದ್ದ ಲೋಕ ಒಮ್ಮೆಗೇ ಕಿವಿಗೆ ಮರಳುತ್ತದೆ: ಎಲೆಯ ಸದ್ದು, ದೂರದ ಹಳ್ಳಿಯ ನಾಯಿ, ತಣ್ಣಗಾಗುತ್ತಿರುವ ಹಿತ್ತಾಳೆಯ ‘ಟಿಕ್ ಟಿಕ್’. ಅನುಭವಿಗಳು ಈ ಗಳಿಗೆಗಾಗಿಯೇ ಸ್ಟೌ ಹೊತ್ತಿಸುತ್ತಾರೆಂದರೆ ಅತಿಶಯೋಕ್ತಿಯಾಗದು.

1930ರ ಡಿಸೆಂಬರಿನಲ್ಲಿ ಗ್ರೀನ್‌ಲೆಂಡಿನ ಹಿಮಪ್ರಸ್ಥದ ನಡುವೆ, ಹವಾಮಾನದ ಲೆಕ್ಕ ತಪ್ಪದಿರಲೆಂದು, ಅಗಸ್ಟೀನ್ ಕೊರ್ಟೋಲ್ಡ್ ಎಂಬ ಇಂಗ್ಲಿಷ್ ತರುಣ ಒಂದು ಡೇರೆಯಲ್ಲಿ ಒಬ್ಬನೇ ಉಳಿದ. ಹಿಮ ಡೇರೆಯನ್ನು ಹೂತಿತು, ಬಾಗಿಲು ಮುಚ್ಚಿತು, ಆಹಾರ ಸವೆಯಿತು, ದೀಪಕ್ಕೆ ಎಣ್ಣೆಯಿಲ್ಲದೆ ಕೊನೆಯ ದಿನಗಳನ್ನು ಅವನು ಕತ್ತಲೆಯಲ್ಲಿ ಕಳೆದ. 1931ರ ಮೇ 5ರಂದು ಬೆಳಗಿನ ನೀರಿಗೆ ಹಿಮ ಕರಗಿಸುತ್ತಿದ್ದಾಗ ಅವನ ಪ್ರೈಮಸ್, ಕಟ್ಟಕಡೆಯ ಹನಿಯನ್ನು ಉರಿಸಿ, ನಿಟ್ಟುಸಿರಿಟ್ಟು ನಿಂತಿತು. ಅದರ ಬೆನ್ನಿಗೇ ತಲೆಯ ಮೇಲಿನಿಂದ ಗದ್ದಲ ಕೇಳಿಸಿತು. ಹಿಮದ ಮೇಲೆ ಚಾಚಿಕೊಂಡಿದ್ದ ಗಾಳಿಕೊಳವೆಯೊಳಗಿಂದ ಮನುಷ್ಯರ ಧ್ವನಿ ಇಳಿದುಬಂತು. ಅವನ ತಂಡದ ನಾಯಕ ವಾಟ್ಕಿನ್ಸ್ ಅವನನ್ನು ಹುಡುಕಿ ಬಂದಿದ್ದ.

ಐದು ತಿಂಗಳು ಆ ಸ್ಟೌ ನೀರನ್ನು ಕಾಯಿಸಿತು, ಅವನನ್ನು ಕಾಯಿತು. ಅವನು ತನ್ನವರಿಗಾಗಿ ಕಾದ. ಒಂದೇ ಗಳಿಗೆಯಲ್ಲಿ ಎಲ್ಲ ಕಾಯುವಿಕೆಯೂ ಮುಗಿಯಿತು. ಭಾನುವಾರದ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ತಿರುಪನ್ನು ಸಡಿಲಿಸುವಾಗಲೆಲ್ಲ ನನ್ನ ಕಿವಿ, ನನಗರಿವಿಲ್ಲದೆ, ಆ ಮೌನದಾಚೆಗೆ ಯಾವುದೋ ಧ್ವನಿಯನ್ನು ಅರಸುತ್ತದೆ.